ಕವಳಿ ಕಂಟಿಯ ಕೋಳಿ

ಸೊಲ್ಲಾಪುರದಲ್ಲಿ ಚೆನ್ನೈ ಕಡೆಯ ಗಾಡಿ ಹತ್ತಿದವರು ಅಕ್ಕಲಕೋಟೆ ರೋಡ್, ವಾಡಿ, ರಾಯಚೂರು, ಆದವಾನಿ, ಗುಂತಕಲ್ಲು, ಗುತ್ತಿ, ತಾಡಪತ್ರಿಗಳನ್ನು ದಾಟಿ ಕಡಪಕ್ಕೆ ಬರುತ್ತಾರೆ. ಹತ್ತಿ, ಶೇಂಗಾ, ಬಟ್ಟೆ, ಕಿರಾಣಿ ಎಂದು ನಮ್ಮ ಸಮಾಜದ ಎಷ್ಟೋ ಮನೆತನಗಳು ತಲೆಮಾರುಗಳಿಂದ ಓಡಾಡಿದ ಹಾದಿ ಇದು. ಗುಂತಕಲ್ಲು ದಾಟಿದ ಮೇಲೆ ಕಿಟಕಿಯ ಹೊರಗೆ ಕಾಣುವುದೇನು? ಕೆಂಪು ನೆಲ, ಕಲ್ಲುಗುಂಡು, ಅಲ್ಲೊಂದು ಇಲ್ಲೊಂದು ಜಾಲಿ, ಬಾರಿ, ಕವಳಿಯ ಕಂಟಿ. ‘ಏನೂ ಇಲ್ಲದ ಬರಡು ನೆಲ’ ಎಂದುಕೊಂಡು ನಾವು ಬುತ್ತಿಯ ಗಂಟು ಬಿಚ್ಚುತ್ತೇವೆ. ಅಂಥ ನೆಲವನ್ನೇ ಆರಿಸಿ ಮನೆ ಮಾಡಿಕೊಂಡ, ಬೇರೆ ಎಲ್ಲಿ ಕರೆದರೂ ಬಾರದ ಒಂದು ಹಕ್ಕಿಯ ವಿಷಯವನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಹೆಸರು. ಕಡಪ ಸೀಮೆಯ ತೆಲುಗರು ಇದನ್ನು ‘ಕಲಿವಿ ಕೋಡಿ’ ಎನ್ನುತ್ತಾರೆ. ಕೋಡಿ ಎಂದರೆ ಕೋಳಿ. ಕಲಿವಿ ಎಂದರೆ ನಮ್ಮಲ್ಲಿ ಕವಳಿ ಎನ್ನುವ, ಮುರಿದರೆ ಹಾಲು ಸೋರುವ ಮುಳ್ಳುಕಂಟಿ. ಅದರ ಎಳೆಗಾಯಿಯನ್ನು ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವುದುಂಟು. ಹಕ್ಕಿ ಎಲ್ಲಿರುತ್ತದೆ ಎಂಬುದನ್ನು ಹಳ್ಳಿಯವರು ಹೆಸರಿನಲ್ಲಿಯೇ ಬರೆದಿಟ್ಟಿದ್ದರು. ಪಂಡಿತರಿಗೆ ಅದು ತಿಳಿಯಲು ಬಹಳ ಕಾಲ ಹಿಡಿಯಿತು.

ಇಂಗ್ಲಿಷಿನಲ್ಲಿ ಇದಕ್ಕೆ ಜೆರ್ಡಾನ್ಸ್ ಕೋರ್ಸರ್ ಎಂದು ಹೆಸರು. ಕೋರ್ಸರ್ ಎಂದರೆ ಓಡುವುದು. ಸುಮಾರು ೨೭ ಸೆಂಟಿಮೀಟರ್ ಉದ್ದ, ಅಂದರೆ ಟಿಟ್ಟಿಭಕ್ಕಿಂತ ಚಿಕ್ಕದು. ಮಣ್ಣುಬಣ್ಣದ ಮೈ, ಉದ್ದ ಕಾಲು, ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬು, ರಾತ್ರಿಯ ಸಂಚಾರಕ್ಕೆ ತಕ್ಕ ದೊಡ್ಡ ಕಣ್ಣು. ಎದೆಯ ಮೇಲೆ ಎರಡು ಕಂದು ಪಟ್ಟೆ. ಶಾಸ್ತ್ರೀಯ ನಾಮದಲ್ಲಿ ಬರುವ ‘ಬೈಟಾರ್ಕ್ವೇಟಸ್’ ಎಂಬ ಪದಕ್ಕೆ ಎರಡು ಕಂಠಹಾರ ತೊಟ್ಟದ್ದು ಎಂದೇ ಅರ್ಥ. ಚಿನ್ನದ ಅಂಗಡಿಯ ನಮ್ಮ ಓದುಗರು ಇದನ್ನು ‘ಎರಡೆಳೆ ಸರದ ಹಕ್ಕಿ’ ಎಂದು ಕರೆದರೆ ನಮ್ಮ ಅಭ್ಯಂತರವಿಲ್ಲ.

ಎಂಬತ್ತಾರು ವರ್ಷಗಳ ಮೌನ

ಥಾಮಸ್ ಜೆರ್ಡಾನ್ ಎಂಬ ವೈದ್ಯರು ಆಗಿನ ಮದರಾಸು ಪ್ರಾಂತದಲ್ಲಿ ಸೇವೆಯಲ್ಲಿದ್ದವರು, ಹಕ್ಕಿಗಳ ಅಭ್ಯಾಸಿ. ಇವರಿಂದ ದೊರೆತ ಹಕ್ಕಿಗೆ ೧೮೪೮ರಲ್ಲಿ ಎಡ್ವರ್ಡ್ ಬ್ಲಿತ್ ಶಾಸ್ತ್ರೀಯವಾಗಿ ಹೆಸರಿಟ್ಟರು. ಮುಂದೆ ಗೋದಾವರಿ ಕಣಿವೆಯ ಸಿರೊಂಚದ ಬಳಿ ಬ್ಲ್ಯಾನ್‌ಫರ್ಡ್ ಎಂಬವರು ಕಂಡರು. ೧೯೦೦ರಲ್ಲಿ ಅನಂತಪುರದ ಸಮೀಪ ಹೊವರ್ಡ್ ಕ್ಯಾಂಪ್‌ಬೆಲ್ ಕಂಡರು. ಅಲ್ಲಿಂದಾಚೆಗೆ ದಾಖಲೆಯೇ ಇಲ್ಲ. ದೊಡ್ಡ ದೊಡ್ಡ ತಜ್ಞರು ಹುಡುಕಿದರೂ ಸಿಕ್ಕದೆ, ಹಕ್ಕಿ ನಿರ್ವಂಶವಾಯಿತೆಂದೇ ಬಹುಮಂದಿ ನಂಬಿದರು.

ಸಿಗದಿದ್ದುದಕ್ಕೆ ಕಾರಣ ಸರಳ. ಇದರ ಬಂಧುವಾದ ಇಂಡಿಯನ್ ಕೋರ್ಸರ್ ಹಗಲು ಸಂಚರಿಸುವ ಹಕ್ಕಿ. ಇದೂ ಹಾಗೆಯೇ ಇರಬೇಕೆಂದು ಎಲ್ಲರೂ ಹಗಲಿನಲ್ಲಿ ಹುಡುಕಿದರು. ಇದಾದರೋ ಹಗಲೆಲ್ಲ ಕಂಟಿಯ ನೆರಳಿನಲ್ಲಿ ಅಲ್ಲಾಡದೆ ಕುಳಿತು, ಕತ್ತಲಾದ ಮೇಲೆ ಊಟಕ್ಕೆ ಹೊರಡುವ ಹಕ್ಕಿ. ಸೂರ್ಯಾಸ್ತದೊಳಗೆ ತಟ್ಟೆ ತೊಳೆದಿಡುವ ನಮ್ಮ ಮನೆಗಳ ಕ್ರಮಕ್ಕೆ ಇದು ತದ್ವಿರುದ್ಧ. ಪಾಪ, ಅದರ ದೇಹಧರ್ಮವೇ ಹಾಗೆ, ವ್ರತಭಂಗವೇನೂ ಅಲ್ಲ.

ಕೊನೆಗೆ ೧೯೮೬ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರ ಹುಡುಕಾಟ ಫಲಿಸಿತು. ಅವರು ಹಳ್ಳಿ ಹಳ್ಳಿಗಳಲ್ಲಿ ಹಕ್ಕಿಯ ಚಿತ್ರ ತೋರಿಸಿ ವಿಚಾರಿಸಿದ್ದರು. ಕಡಪ ಜಿಲ್ಲೆಯ ರೆಡ್ಡಿಪಲ್ಲಿಯ ಹತ್ತಿರ ಸ್ಥಳೀಯ ಬೇಟೆಗಾರನೊಬ್ಬ ರಾತ್ರಿ ಬ್ಯಾಟರಿಯ ಬೆಳಕಿನಲ್ಲಿ ಹಕ್ಕಿಯನ್ನು ಹಿಡಿದು ತಂದನು. ಸುದ್ದಿ ತಿಳಿದು, ೮೯ ವರ್ಷದ ಸಲೀಂ ಅಲಿಯವರೇ ಧಾವಿಸಿ ಬಂದರು. ಆದರೆ ಹಿಡಿದ ಆ ಹಕ್ಕಿ ಬದುಕಿ ಉಳಿಯಲಿಲ್ಲ. ಸಿಕ್ಕಿತೆಂಬ ಸಂತೋಷದೊಳಗೇ ಒಂದು ಜೀವಹಾನಿ ಸೇರಿಕೊಂಡಿತು. ಈ ಸಂಗತಿಯನ್ನು ಹೇಳದೆ ಬಿಡುವುದು ಸರಿಯಲ್ಲವೆಂದು ಬರೆದಿದ್ದೇವೆ, ಏಕೆಂದರೆ ಮುಂದಿನ ಅಭ್ಯಾಸ ಬಹುಮಟ್ಟಿಗೆ ಹಕ್ಕಿಯನ್ನು ಮುಟ್ಟದೆ ನಡೆಯಿತು. ೧೯೮೮ರಲ್ಲಿ ಈ ಪ್ರದೇಶವನ್ನು ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯವೆಂದು ಘೋಷಿಸಲಾಯಿತು. ಅದೇ ವರ್ಷ ಅಂಚೆ ಇಲಾಖೆ ಈ ಹಕ್ಕಿಯ ಚೀಟಿಯನ್ನೂ ಹೊರತಂದಿತು. ಅಂಚೆಚೀಟಿ ಕೂಡಿಸುವ ಹವ್ಯಾಸವಿದ್ದ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಅದು ಇದ್ದೀತು, ಮಕ್ಕಳು ಹುಡುಕಿ ನೋಡಲಿ.

ಮಣ್ಣಿನ ಮೇಲಿನ ಹೆಜ್ಜೆ

ಕಾಣದ ಹಕ್ಕಿಯ ಇಷ್ಟಾನಿಷ್ಟಗಳನ್ನು ತಿಳಿಯುವುದು ಹೇಗೆ? ಸುಮಾರು ೨೦೦೦ದ ಇಸವಿಯಿಂದ ಪಿ. ಜೆಗನಾಥನ್ ಮತ್ತು ಸಂಗಡಿಗರು, ಬಾಂಬೆ ಸೊಸೈಟಿ ಮತ್ತು ಬ್ರಿಟನ್ನಿನ ರಾಯಲ್ ಪಕ್ಷಿಸಂರಕ್ಷಣಾ ಸಂಘದ ನೆರವಿನಿಂದ ಮಾಡಿದ ಕೆಲಸ ನಮಗೆ ಬಹಳ ಹಿಡಿಸಿತು. ಅವರು ಕುರುಚಲು ಕಾಡಿನೊಳಗೆ ನುಣುಪಾದ ಮಣ್ಣನ್ನು ಪಟ್ಟಿಯಂತೆ ಹರಡಿ ಮಟ್ಟ ಮಾಡುತ್ತಿದ್ದರು. ರಾತ್ರಿ ಅದರ ಮೇಲೆ ನಡೆದ ಪ್ರಾಣಿಗಳ ಹೆಜ್ಜೆಗುರುತು ಬೆಳಿಗ್ಗೆ ಮಣ್ಣಿನಲ್ಲಿ ಮೂಡಿರುತ್ತಿತ್ತು. ಕಲಿವಿ ಕೋಡಿಗೆ ಮುಂದೆ ಚಾಚಿದ ಮೂರೇ ಬೆರಳು, ಹಿಂಬೆರಳು ಇಲ್ಲ. ಗುರುತಿನ ಅಳತೆ ಆಕಾರ ನೋಡಿ ಬೇರೆ ಹಕ್ಕಿಗಳಿಂದ ಅದನ್ನು ಪ್ರತ್ಯೇಕಿಸುತ್ತಿದ್ದರು. ಗುರುತು ಸಿಕ್ಕ ಕಡೆ, ಎದುರು ಸುಳಿದದ್ದರ ಚಿತ್ರವನ್ನು ತಾನಾಗಿ ತೆಗೆಯುವ ಕ್ಯಾಮೆರಾ ಇಟ್ಟರು. ಮುಂದೆ ಹಕ್ಕಿಯ ಕೂಗೂ ಗೊತ್ತಾದ ಮೇಲೆ, ಸಂಜೆ ಅದರ ಮುದ್ರಿತ ಧ್ವನಿಯನ್ನು ನುಡಿಸಿ ಉತ್ತರ ಬರುವುದೋ ಎಂದು ಕಾಯ್ದರು.

ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾ ಸಮಿತಿಯನ್ನು ನಮ್ಮ ಮುನಿಗಳಲ್ಲಿ ಕಂಡವರಿಗೆ, ದಿನವೂ ಬೆಳಿಗ್ಗೆ ಬಗ್ಗಿ ಮಣ್ಣು ಪರೀಕ್ಷಿಸುವ ಈ ಪದ್ಧತಿ ಅಪರಿಚಿತವೆನಿಸಲಾರದು. ಬಲೆಯಿಲ್ಲ, ಪಂಜರವಿಲ್ಲ, ಗುಂಡಿಲ್ಲ. ಹಕ್ಕಿ ತನ್ನ ಪಾಡಿಗೆ ನಡೆದುಹೋಯಿತು, ಮಣ್ಣು ಲೆಕ್ಕ ಒಪ್ಪಿಸಿತು.

ಹೆಜ್ಜೆ ಸಿಕ್ಕ ಜಾಗ, ಸಿಗದ ಜಾಗ ಎರಡರಲ್ಲಿಯೂ ಕಂಟಿಗಳನ್ನು ಎಣಿಸಿ ಹೋಲಿಸಿದರು. ೨೦೦೪ರಲ್ಲಿ ಪ್ರಕಟವಾದ ಆ ಲೆಕ್ಕ ಹೀಗಿದೆ: ಎರಡು ಮೀಟರಿಗಿಂತ ಎತ್ತರದ ಕಂಟಿಗಳು ಹೆಕ್ಟೇರಿಗೆ ೩೦೦ರಿಂದ ೭೦೦ರವರೆಗೆ ಇದ್ದು, ಅದಕ್ಕಿಂತ ಗಿಡ್ಡ ಕಂಟಿಗಳು ೧೦೦೦ಕ್ಕಿಂತ ಕಡಿಮೆ ಇರುವ ನೆಲದಲ್ಲಿಯೇ ಈ ಹಕ್ಕಿ ಇರುವ ಸಂಭವ ಹೆಚ್ಚು.

ನಮ್ಮವರು ಲೆಕ್ಕದ ಜನ, ಆದ್ದರಿಂದ ಎಕರೆಗೆ ಇಳಿಸಿ ನೋಡೋಣ. ಎಕರೆಗೆ ಎತ್ತರದ ಕಂಟಿ ಸುಮಾರು ೧೨೦ರಿಂದ ೨೮೦, ಗಿಡ್ಡ ಕಂಟಿ ೪೦೦ರೊಳಗೆ. ಎತ್ತರದ ಎರಡು ಕಂಟಿಗಳ ನಡುವೆ ಸರಾಸರಿ ನಾಲ್ಕರಿಂದ ಆರು ಮೀಟರು, ಅಂದರೆ ಹದಿಮೂರರಿಂದ ಹತ್ತೊಂಬತ್ತು ಅಡಿ ಅಂತರ. ಒಂದು ಸಾಧಾರಣ ಅಂಗಡಿಯ ಅಗಲವೆನ್ನಿ. ಅಂತರ ಇದಕ್ಕಿಂತ ಬಹಳ ಕಿರಿದಾದರೂ ಹಕ್ಕಿಗೆ ಆಗದು, ಬಹಳ ಹಿರಿದಾದರೂ ಆಗದು.

ಇದರ ಕಾರಣ ಹಕ್ಕಿಯ ಬಾಳ್ವೆಯಲ್ಲಿಯೇ ಇದೆ. ಹಗಲು ಬಿಸಿಲಿನಿಂದಲೂ ಗಿಡುಗನ ಕಣ್ಣಿನಿಂದಲೂ ಮರೆಯಾಗಲು ಎತ್ತರದ ಕಂಟಿಯ ಆಸರೆ ಬೇಕು. ರಾತ್ರಿ ಓಡಾಡಿ ಆಹಾರ ಹೆಕ್ಕಲು ನಡುವೆ ಬಯಲು ಬೇಕು. ಗಿಡ್ಡ ಕಂಟಿ ದಟ್ಟವಾಗಿ ಬೆಳೆದರೆ ಓಟಕ್ಕೆ ಅಡ್ಡಿ. ಹಾರುವುದಕ್ಕಿಂತ ಕಾಲನ್ನು ನಂಬಿದ ಹಕ್ಕಿಗೆ ನೆಲವೇ ಹಾದಿ, ನೆಲವೇ ಊಟದ ಮನೆ. ಇದರ ಹಿಕ್ಕೆಯನ್ನು ಪರೀಕ್ಷಿಸಿದಾಗ ಗೆದ್ದಲು ಮತ್ತು ಇರುವೆಗಳ ಅವಶೇಷ ದೊರೆತಿದೆ. ಇರುವೆಗೂಡಿಗೆ ಸಕ್ಕರೆ ಹಿಟ್ಟು ಹಾಕುವ ನಮ್ಮ ಶ್ರಾವಿಕೆಯರು ಇದನ್ನು ಓದಿ ಹುಬ್ಬು ಗಂಟಿಕ್ಕಬಹುದು. ಇರುವೆಗೂ ಅದನ್ನು ತಿನ್ನುವ ಹಕ್ಕಿಗೂ ಇರಲು ಬೇಕಾದದ್ದು ಆ ಒಂದೇ ನೆಲ ಎಂಬುದಷ್ಟೇ ನಾವು ಹೇಳಬಲ್ಲ ಮಾತು.

ಇಂಡಿಯನ್ ಕೋರ್ಸರನ್ನು ಜೊತೆಗಿಟ್ಟು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ದಖ್ಖನಿನ ತೆರೆದ ಹುಲ್ಲುಗಾವಲು, ಪಾಳುಬಿಟ್ಟ ಹೊಲ, ದನ ಮೇಯ್ದು ಬೋಳಾದ ಬಯಲು ಅದರ ನೆಲೆ. ಸೊಲ್ಲಾಪುರದ ಬಳಿ ಮಾಳಢೋಕ ಹಕ್ಕಿಗೆಂದು ಕಾದಿಟ್ಟ ನಾನ್ನಜದಂಥ ಬಯಲುಗಳನ್ನು ಕಂಡವರಿಗೆ ಅಂಥ ನೆಲದ ಪರಿಚಯ ಇರುತ್ತದೆ. ಒಂದೇ ಕುಟುಂಬದ ಈ ಎರಡು ಹಕ್ಕಿಗಳಲ್ಲಿ ಒಂದಕ್ಕೆ ಕಂಟಿಯೇ ಬೇಡ, ಇನ್ನೊಂದಕ್ಕೆ ಕಂಟಿ ಬೇಕು, ಅದೂ ಅಳತೆಯಲ್ಲಿ. ‘ಹುಲ್ಲು, ಮುಳ್ಳು, ಎಲ್ಲ ಒಂದೇ’ ಎಂದು ನಾವು ಒಂದೇ ಖಾತೆಗೆ ಬರೆಯುವ ನೆಲದಲ್ಲಿ ಹಕ್ಕಿಗಳು ಬೇರೆ ಬೇರೆ ಲೆಡ್ಜರು ಇಟ್ಟಿವೆ.

ಈ ಅಳತೆ ತಪ್ಪಿಸುವುದು ಬಲು ಸುಲಭ. ಸೌದೆಗೆಂದು ಎತ್ತರದ ಕಂಟಿ ಕಡಿದರೆ ಮರೆ ಹೋಯಿತು. ಆಡು ದನಗಳ ಹಾವಳಿ ಮಿತಿಮೀರಿದರೆ ಏನೂ ಉಳಿಯದು. ಹಾಗೆಂದು ಮೇವನ್ನೇ ಪೂರ್ತಿ ನಿಲ್ಲಿಸಿ ಬೇಲಿ ಹಾಕಿದರೆ ಗಿಡ್ಡ ಕಂಟಿ ಒತ್ತಾಗಿ, ಅದೂ ಹಕ್ಕಿಗೆ ಒಗ್ಗದೆ ಹೋಗಬಹುದು. ಮಿತವಾಗಿ ಮೇಯುವ ದನಕರುಗಳು ನಡುವಿನ ಬಯಲನ್ನು ತೆರೆದಿಡುವ ಸಾಧ್ಯತೆಯೂ ಉಂಟು. ‘ಮುಟ್ಟದೆ ಬಿಟ್ಟರೆ ಸಾಕು’ ಎಂಬ ಸುಲಭದ ಉತ್ತರ ಇಲ್ಲಿ ನಡೆಯುವುದಿಲ್ಲ. ಹಳ್ಳಿಯವರೂ ಅವರ ದನಗಳೂ ಈ ಲೆಕ್ಕದೊಳಗೇ ಇದ್ದಾರೆ.

ಗುದ್ದಲಿ, ಕಾಲುವೆ, ತೋಟ

ಉಪಗ್ರಹ ಚಿತ್ರಗಳನ್ನು ಹೋಲಿಸಿ ಮಾಡಿದ ಒಂದು ಅಧ್ಯಯನ ೨೦೦೭ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ೧೯೯೧ರಿಂದ ೨೦೦೦ದವರೆಗಿನ ಅವಧಿಯಲ್ಲಿ ಈ ಭಾಗದ ಕುರುಚಲು ಕಾಡು ಶೇಕಡಾ ೧೧ರಿಂದ ೧೫ರಷ್ಟು ಕಡಿಮೆಯಾಗಿತ್ತು. ಸಾಗುವಳಿಯ ನೆಲ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಕಂಟಿ ಕಿತ್ತು ಹೊಲ, ತೋಟ ಮಾಡಿದ ರೈತನನ್ನು ಬೈಯುವುದು ನಮ್ಮ ಉದ್ದೇಶವಲ್ಲ, ಮಳೆ ಕಡಿಮೆಯ ಆ ಸೀಮೆಯಲ್ಲಿ ಅವನ ಕಷ್ಟ ಅವನಿಗೇ ಗೊತ್ತು.

ಕಾಲುವೆಯ ಕಥೆ ಬೇರೆ. ಕೃಷ್ಣೆಯ ನೀರನ್ನು ಚೆನ್ನೈಗೆ ಒಯ್ಯುವ ತೆಲುಗು ಗಂಗಾ ಯೋಜನೆಯ ಕಾಲುವೆ ಮೊದಲು ಈ ಹಕ್ಕಿ ಸಿಕ್ಕ ಜಾಗದಲ್ಲಿಯೇ ಹಾದುಹೋಗಬೇಕಿತ್ತು. ಹಕ್ಕಿಯ ಸಲುವಾಗಿ ಅದರ ಹಾದಿಯನ್ನು ಬದಲಿಸಿದರು. ಆದರೂ ೨೦೦೫ರಲ್ಲಿ ಮಣ್ಣು ಅಗೆಯುವ ಯಂತ್ರಗಳು ಅಭಯಾರಣ್ಯದೊಳಗೇ ನುಗ್ಗಿ ಕೆಲಸ ಆರಂಭಿಸಿದವು. ಸಂಶೋಧಕರು ಕಂಡು ತಿಳಿಸಿದರು, ಅರಣ್ಯ ಇಲಾಖೆ ಕೆಲಸ ನಿಲ್ಲಿಸಿತು, ಮತ್ತೊಮ್ಮೆ ಹಾದಿ ಬದಲಾಯಿತು. ನೀರು ಬೇಡವೆಂದು ಯಾರೂ ಹೇಳಲಿಲ್ಲ. ಕೆಲವು ಕಿಲೋಮೀಟರು ಸರಿದು ಹೋಗಿ ಎಂದರು, ಸರಿದು ಹೋಯಿತು. ಒಂದು ಕೈಯಗಲದ ಹಕ್ಕಿಗಾಗಿ ಸರಕಾರದ ಕಾಲುವೆ ಎರಡು ಸಲ ದಾರಿ ಬಿಟ್ಟದ್ದು ನಮ್ಮ ದೇಶದಲ್ಲಿ ನಡೆದ ಸಂಗತಿ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಇನ್ನು ನಮ್ಮ ಮನೆಯ ಮಾತು. ನಮ್ಮ ಸಮಾಜದಲ್ಲಿ ಜೀವದಯೆಗೆ ಕೊರತೆಯಿಲ್ಲ. ಪಾರಿವಾಳಕ್ಕೆ ಜೋಳ, ಗೋಶಾಲೆಗೆ ಮೇವು, ಬೇಸಿಗೆಯಲ್ಲಿ ಅರವಟ್ಟಿಗೆ, ದೆಹಲಿಯ ಚಾಂದನಿ ಚೌಕದಲ್ಲಿ ಹಕ್ಕಿಗಳಿಗೇ ಒಂದು ಆಸ್ಪತ್ರೆ. ಇವೆಲ್ಲ ನಮ್ಮ ಬಳಿಗೆ ಬರುವ ಜೀವಗಳಿಗೆ ಮಾಡಿದ ಉಪಕಾರ. ಕಲಿವಿ ಕೋಡಿ ನಮ್ಮ ಮಾಳಿಗೆಗೆ ಬರುವುದಿಲ್ಲ, ಕಾಳು ತಿನ್ನುವುದಿಲ್ಲ, ಆಸ್ಪತ್ರೆಗೆ ಸೇರುವುದಿಲ್ಲ. ಅದಕ್ಕೆ ದಾನ ಕೊಡಲು ಒಂದೇ ವಸ್ತು ಇದೆ, ಅದು ನೆಲ. ಆ ನೆಲದ ಕೊಡುಕೊಳ್ಳುವಿಕೆಯಲ್ಲಿ ನಮ್ಮವರ ಕೈ ಇದೆ.

ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿದಾಗ ಜಮೀನು ಕೊಳ್ಳುವುದು ರೂಢಿ. ಊರ ಹೊರಗೆ ಅಗ್ಗಕ್ಕೆ ಸಿಗುವುದು ಬಂಜರು, ಬೀಳು ಎಂದು ಕಾಗದದಲ್ಲಿ ಬರೆದ ಕಂಟಿಯ ನೆಲ. ಕ್ರಯಪತ್ರ ಆದ ಮರುದಿನವೇ ಜೆಸಿಬಿ ತರಿಸಿ ‘ಸ್ವಚ್ಛ’ ಮಾಡಿಸಿ, ಮೂಲೆಗೆ ಒಟ್ಟಿ ಬೆಂಕಿ ಹಾಕುತ್ತಾರೆ. ಹಲವು ಸಲ ಅಲ್ಲಿ ಮುಂದೆ ಹತ್ತು ವರ್ಷ ಏನೂ ಬೆಳೆಯುವುದಿಲ್ಲ, ಏನೂ ಕಟ್ಟುವುದಿಲ್ಲ, ಬೆಲೆ ಏರಲೆಂದು ಕಾಯುವುದಷ್ಟೇ. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಹಿರಿಯರು ಎಣಿಸಿದ್ದಾರೆ. ಕಾಡು ಕಡಿಯುವ ವೃತ್ತಿ, ನೆಲ ಅಗೆಯುವ ವೃತ್ತಿ, ಕಾಡಿಗೆ ಬೆಂಕಿ ಹಚ್ಚುವುದು, ಕೆರೆ ಬತ್ತಿಸುವುದು ಆ ಪಟ್ಟಿಯಲ್ಲಿವೆ. ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂದು ಬೇರೆಯೇ ಹೆಸರಿದೆ. ಬೆಲೆ ಏರಲೆಂದು ಕಾಯುವ ನೆಲದ ಕಂಟಿ ಸುಡುವುದು ಇದಕ್ಕಿಂತ ಬೇರೆ ಯಾವ ಖಾತೆಗೆ ಹೋದೀತು ಎಂದು ನಮಗೆ ತೋರುತ್ತಿಲ್ಲ. ಕಾಯುವುದೇ ಆದರೆ ಕಂಟಿಯೊಡನೆಯೇ ಕಾಯಬಹುದು, ಬಡ್ಡಿಯೇನೂ ಕಡಿಮೆಯಾಗದು.

ಇನ್ನೊಂದು ಮಾತು ಕೆಲವರಿಗೆ ಹಿಡಿಸದಿರಬಹುದು. ಹಿರಿಯರ ಹೆಸರಿನಲ್ಲಿ ಸಾವಿರ ಸಸಿ ನೆಡುವ ಕಾರ್ಯಕ್ರಮ ನಮ್ಮಲ್ಲಿ ಈಗ ಬಹಳ. ರಸ್ತೆಬದಿ, ಶಾಲೆಯ ಅಂಗಳ, ಬಸದಿಯ ಆವರಣದಲ್ಲಿ ನೆಟ್ಟರೆ ಸಂತೋಷ. ಆದರೆ ಕುರುಚಲು ಕಾಡನ್ನು ಅಗೆದು ಸಾಲಾಗಿ ಗಿಡ ನೆಟ್ಟರೆ ಅದು ಈ ಹಕ್ಕಿಗೆ ಕಾಲುವೆಯಷ್ಟೇ ಕೇಡು. ಅಲ್ಲಿ ಮರ ಕಡಿಮೆಯಿರುವುದು ಕೊರತೆಯಲ್ಲ. ಎಕರೆಗೆ ೧೨೦ರಿಂದ ೨೮೦ ಎಂಬ ಲೆಕ್ಕವನ್ನು ಇಲ್ಲಿ ಮತ್ತೆ ನೆನೆಯಬೇಕು.

ಪಿನಾಕಿನಿಯ ದಂಡೆಯಲ್ಲಿ

ಮಡಕಶಿರಾ, ಹಿಂದೂಪುರ, ರಾಯದುರ್ಗದ ಓದುಗರಿಗೆ ಈ ಹಕ್ಕಿ ದೂರದ್ದಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ಉತ್ತರ ಪಿನಾಕಿನಿ, ಎಂದರೆ ಪೆನ್ನಾ ನದಿ, ಹಿಂದೂಪುರದ ಕಡೆಯಿಂದ ಅನಂತಪುರ ಸೀಮೆಯನ್ನು ಸುತ್ತಿ ತಾಡಪತ್ರಿ, ಜಮ್ಮಲಮಡುಗು ದಾಟಿ ಸಿದ್ಧವಟದ ಬಳಿ ಲಂಕಮಲ ಬೆಟ್ಟಗಳ ಕೆಳಗೆ ಹರಿಯುತ್ತದೆ. ಇದೇ ನದಿಯ ದಂಡೆಯ ದಾನವುಲಪಾಡಿನಲ್ಲಿ ರಾಷ್ಟ್ರಕೂಟರ ಕಾಲದ ಜೈನ ನೆಲೆಯೊಂದು ಮರಳಿನಲ್ಲಿ ಹೂತುಹೋಗಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಗೆತದಿಂದ ಹೊರಬಂದಿತು. ಕ್ಯಾಂಪ್‌ಬೆಲ್ ೧೯೦೦ರಲ್ಲಿ ಹಕ್ಕಿಯನ್ನು ಕಂಡದ್ದೂ ಇದೇ ಪೆನ್ನಾ ಸೀಮೆಯಲ್ಲಿ.

ಕನ್ನಡನಾಡಿಗೂ ಒಂದು ಎಳೆ ಇದೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಹಳೆಯದೊಂದು ಮೊಟ್ಟೆ ಇತ್ತು. ೧೯೧೭ರಲ್ಲಿ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಪಶುವೈದ್ಯರಾಗಿದ್ದ ಅರ್ನೆಸ್ಟ್ ಮೀಟನ್ ಎಂಬವರು ಸಂಗ್ರಹಿಸಿದ್ದು. ಅದರ ವಂಶವಾಹಿಯನ್ನು ಸಂಗ್ರಹಾಲಯದಲ್ಲಿದ್ದ ಹಕ್ಕಿಯ ಹಳೆಯ ಚರ್ಮದೊಡನೆ ಹೋಲಿಸಿ, ಅದು ಕಲಿವಿ ಕೋಡಿಯದೇ ಎಂದು ೨೦೧೩ರಲ್ಲಿ ಪ್ರಕಟಿಸಿದರು. ಹಕ್ಕಿ ಮಾಯವಾಯಿತೆಂದು ಜಗತ್ತು ಎಣಿಸಿದ್ದ ಕಾಲದಲ್ಲಿ ಅದು ಕೋಲಾರದ ಕಡೆಯಲ್ಲಿಯೂ ಇದ್ದಿತು! ಚಿನ್ನಕ್ಕಾಗಿ ನೆಲದ ಆಳಕ್ಕೆ ಇಳಿದವರ ನಾಡಿನಲ್ಲಿ ನೆಲದ ಮೇಲಿದ್ದ ಈ ಎರಡೆಳೆ ಸರ ಯಾರ ಕಣ್ಣಿಗೂ ಬೀಳಲಿಲ್ಲ.

ಪ್ರಪಂಚದಲ್ಲಿ ಬೆಳೆದ ಹಕ್ಕಿಗಳ ಸಂಖ್ಯೆ ೫೦ರಿಂದ ೨೪೯ರ ಒಳಗೆ ಇರಬಹುದೆಂಬುದು ಪಕ್ಷಿಸಂಸ್ಥೆಗಳು ಮಾಡಿದ ಅಂದಾಜು. ಅಳಿವಿನ ಅತಿ ಸಮೀಪದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರು ಇದೆ. ೨೦೦೮ರ ಸುಮಾರಿನಿಂದ ಹತ್ತು ಹದಿನೈದು ವರ್ಷ ಇದರ ಸುಳಿವೇ ಸಿಗದೆ, ಎರಡನೆಯ ಸಲವೂ ಕಳೆದುಹೋಯಿತೇ ಎಂಬ ಆತಂಕ ಹಬ್ಬಿತ್ತು. ೨೦೨೫ರ ಆಗಸ್ಟ್ ತಿಂಗಳಲ್ಲಿ ಪಕ್ಷಿವೀಕ್ಷಕರ ಒಂದು ತಂಡ ಕಡಪ ಸೀಮೆಯ ಕುರುಚಲು ಕಾಡಿನಲ್ಲಿ ಇದರ ಕೂಗನ್ನು ಧ್ವನಿಮುದ್ರಿಸಿಕೊಂಡಿತು.

ಆ ಕೂಗು ಹೀಗೆ: ‘ಟ್ವಿಕ್‌-ಟೂ, ಟ್ವಿಕ್‌-ಟೂ’ ಎಂದು ಬಿಡಿಬಿಡಿಯಾಗಿ, ಒಂದರ ಹಿಂದೆ ಒಂದು. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ಹೊತ್ತಿಗೆ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಊಟ ಮುಗಿದು, ಆರತಿಗೆಂದು ಬಸದಿಯ ಕಡೆ ಹೊರಡುವ ಸಮಯ ಅದು. ಅನಂತಪುರ, ಕಡಪ ಸೀಮೆಯಲ್ಲಿ ಕಂಟಿಯ ಜಮೀನು ಇರುವ ಬಂಧುಗಳು ಒಂದು ಸಂಜೆ ಅಲ್ಲಿ ಬ್ಯಾಟರಿ ಆರಿಸಿ ಕಿವಿಗೊಟ್ಟು ನಿಲ್ಲಬಹುದು. ಕೇಳಿದರೆ ಹತ್ತಿರ ಹೋಗಬಾರದು, ಬೆಳಕು ಹಾಯಿಸಬಾರದು. ಜಾಗ, ದಿನ, ಸಮಯ ಬರೆದುಕೊಂಡು ಬಂದು ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿದರೆ ಸಾಕು.